ಒಲೆ ಇದೆಯಾ ಎಂದರು, ಹಂಡೆ ಇದೆಯಾ ಎನ್ನಲಿಲ್ಲ

ನನ್ನ ಕೈಯಲ್ಲಿ ಇನ್‌ಹೇಲರ್ ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ನನ್ನ ನಾದಿನಿಯ ಹಾಗೆ ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಕೇಳುತ್ತಾರೆ.

"ಜಯಕ್ಕಾ, ಬೇಜಾರು ಮಾಡ್ಕೋಬೇಡಿ. ಡ್ಯೂಟಿಲಿ ಸೇದೋದು ಗೀದೋದು ಏನಾದ್ರೂ ಅಭ್ಯಾಸ ಇತ್ತಾ?"

ಹೆಂಗಸು ಬಸ್ ಕಂಡಕ್ಟರ್ ಕೆಲಸ ಮಾಡಿದಳೆಂದರೆ ಬೀಡಿಯನ್ನೂ ಸೇದಿರಬೇಕು ಎಂಬುದು ಇವರ ಲೆಕ್ಕಾಚಾರ. ಮೊದಮೊದಲು ಇಲ್ಲಮ್ಮಾ ಎನ್ನುತ್ತಿದ್ದೆ, ದೇವರಾಣೆ ಕೂಡ ಹಾಕುತ್ತಿದ್ದೆ. ಅವತ್ತು ಮಾತ್ರ, "ಹೂಂ, ಸೇದ್ತಿದ್ದೆ. ನಿಮ್ಮಣ್ಣ ಬಿಸಿಬಿಸಿ ಸ್ನಾನ ಮಾಡಲಿ ಅಂತ ದಿನಾ ಬೆಳಗ್ಗೆ ಸೇದ್ತಿದ್ದೆ" ಎಂದೆ. ಅವಳು ಕಾಫಿ ಲೋಟ ತೊಳೆಯಲು ಹೋದಳು.

ನನ್ನ ಕಾಯಿಲೆಗೆ ನಾಲ್ಕು ಇಂಗ್ಲಿಷ್ ಅಕ್ಷರಗಳ ಹೆಸರಿದೆ. ಅದನ್ನು ಬಿಡಿಸಿ ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ. ಒಳಗೆ ಹೋದ ಗಾಳಿ ಹೊರಗೆ ಬರಲು ತಕರಾರು ಮಾಡುತ್ತದೆ, ನನಗೆ ಗೊತ್ತಿರುವುದು ಅಷ್ಟೇ. ಬೆಳಗಾಗೆದ್ದು ಬಚ್ಚಲಲ್ಲಿ ಬೆಂಕಿ ಹಚ್ಚುವ ಹೆಂಗಸರು ಈ ಊರಿನ ಗಲ್ಲಿಗಳಲ್ಲಿ ಇನ್ನೂ ಬಹಳ ಮಂದಿ ಇದ್ದಾರೆ. ಅವರಿಗೆ ಧೈರ್ಯ ತುಂಬುವಷ್ಟು ಒಳ್ಳೆಯ ಮನಸ್ಸು ನನ್ನದಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿದೆ, ಅದರಲ್ಲಿ ಅವರಿಗೂ ಒಂದು ಪಾಲು ಇರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟದ್ದು ನನ್ನ ಸೀಟಿ. ಯಲಹಂಕದಿಂದ ಯಶವಂತಪುರದ ಬಸ್ಸು. ಹೆಬ್ಬಾಳದ ಹತ್ತಿರ ಜನ ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತಾರೆ. ಹಿಂದಿನ ಬಾಗಿಲಿಂದ ಊದಿದರೆ ಅಷ್ಟು ಗಲಾಟೆಯಲ್ಲೂ ಡ್ರೈವರ್‌ಗೆ ಕೇಳಬೇಕು. ಅಷ್ಟು ವರ್ಷ ಕೇಳಿದ್ದ ಸೀಟಿ ಒಂದು ಬೆಳಗ್ಗೆ ಅರ್ಧಕ್ಕೇ ನಿಂತಿತು.

"ಏನಕ್ಕಾ, ಸೀಟಿ ಹೊಡೀತಿದ್ದೀರೋ, ಟೀ ಆರಿಸ್ತಿದ್ದೀರೋ?" ಎಂದು ಡ್ರೈವರ್ ಮುನಿರಾಜು ಕನ್ನಡಿಯಲ್ಲಿ ನೋಡಿ ಕಿಚಾಯಿಸಿದ. ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಮುಂದಿನ ಸ್ಟಾಪಿನವರೆಗೂ ಕಂಬಿ ಹಿಡಿದು ನೇತಾಡಿದೆ. ಟಿಕೆಟ್ ಕೇಳಿದವರಿಗೆ ಉತ್ತರ ಕೊಡಲು ಆಗಲಿಲ್ಲ.

ಮನೆಯ ಹತ್ತಿರದ ಡಾಕ್ಟರು ಧೂಳು ಎಂದರು. ಇನ್ನೊಬ್ಬರು ಅಲರ್ಜಿ ಎಂದರು. ಬಣ್ಣಬಣ್ಣದ ಸಿರಪ್ಪು ಕುಡಿದೆ. ನನ್ನ ಗಂಡ ರಾಮಾಂಜಿನಪ್ಪನವರಿಗೆ ಕಾರಣ ಮೊದಲೇ ಗೊತ್ತಿತ್ತು. "ಬಸ್ ಹೊಗೆ ಕಣೇ. ಆ ಕೆಲಸ ಬಿಡು ಅಂತ ಬಡ್ಕೊಂಡೆ, ಕೇಳಿದ್ಯಾ?" ಅತ್ತೆ ಮೆಣಸು, ಬೆಲ್ಲ, ತುಳಸಿ ಕುದಿಸಿ ಕೊಟ್ಟರು. ಅದಾಗಿ ಕಫ ಪರೀಕ್ಷೆಗೆ ಬರೆದುಕೊಟ್ಟ ದಿನ, ಟಿಬಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನ ತಟ್ಟೆ ಲೋಟ ಬೇರೆ ಗೂಡಿಗೆ ಹೋದವು. ಟಿಬಿ ಇಲ್ಲ ಎಂದು ರಿಪೋರ್ಟ್ ಬಂದಿತು. ಅವನ್ನು ವಾಪಸ್ ತಂದಿಡುವವರು ಮಾತ್ರ ಯಾರೂ ಬರಲಿಲ್ಲ. ಕೊನೆಗೆ ನಾನೇ ತೊಳೆದು ಎಲ್ಲರ ಪಾತ್ರೆಗಳ ಜೊತೆ ಬೋರಲು ಹಾಕಿದೆ.

ಹೆಬ್ಬಾಳದ ಕಡೆಯ ಎದೆ ಡಾಕ್ಟರ ಬಳಿಗೆ ಹೋಗುವ ಹೊತ್ತಿಗೆ ಬಟ್ಟೆ ಒಣಹಾಕಲು ಮಾಳಿಗೆಯ ಮೆಟ್ಟಿಲು ಹತ್ತುವಾಗ ನಡುವೆ ಕೂರುತ್ತಿದ್ದೆ. ಅಲ್ಲಿನ ಕಾಯುವ ಕೋಣೆಯ ನೆನಪಾದರೆ ಈಗಲೂ ಮೈ ಉರಿಯುತ್ತದೆ. ಕುರ್ಚಿಗಳೆಲ್ಲ ಒಂದಕ್ಕೊಂದು ಅಂಟಿಸಿಟ್ಟವು, ಒಬ್ಬರು ಕೆಮ್ಮಿದರೆ ಸಾಲೆಲ್ಲ ಅಲುಗಾಡುವುದು. ನಾನು ಕೆಮ್ಮಿದಾಗ ಪಕ್ಕದ ಗಂಡಸು ಮೂಗಿಗೆ ಕರ್ಚೀಫು ಒತ್ತಿ ಆ ಕಡೆ ಜರುಗಿದ. ಅವನೇನು ಮದುವೆಗೆ ಬಂದಿದ್ದನೇ? ಅವನೂ ಕೆಮ್ಮಲೆಂದೇ ಬಂದವನು.

ಅಲ್ಲಿ ಸಿಕ್ಕವರು ಶಮೀಮ್ ಬಾನು, ಆರ್‌.ಟಿ. ನಗರದವರು. ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದವರು ನನ್ನ ಅವಸ್ಥೆ ನೋಡಿ ತಾವು ಎದ್ದು ನನ್ನನ್ನು ಕೂರಿಸಿದರು. "ಇಲ್ಲಿ ಗಾಳಿ ಬರುತ್ತೆ ಅಕ್ಕಾ, ಕೂತ್ಕೊಳ್ಳಿ. ನಂಗೆ ಇವತ್ತು ಪರವಾಗಿಲ್ಲ." ನಾನು ಬೇಡವೆನ್ನಲೂ ಉಸಿರಿರಲಿಲ್ಲ. ಅವರು ನಿಂತುಕೊಂಡೇ, ಡಾಕ್ಟರ ಬಾಗಿಲಿನ ಕಡೆ ಹುಬ್ಬು ಹಾರಿಸಿ ಹೇಳಿದರು: "ಒಳಗೆ ಗಂಡಸ್ರನ್ನ ಎಷ್ಟು ಸಿಗರೇಟು ಅಂತ ಕೇಳ್ತಾರೆ. ನಮ್ಮನ್ನ, ನಿಮ್ಮನೇಲಿ ಯಾರು ಸೇದ್ತಾರೆ ಅಂತ ಕೇಳ್ತಾರೆ. ನೀವು ಏನ್ ಮಾಡ್ತೀರಾ ಅಂತ ಯಾರೂ ಕೇಳಲ್ಲ." ಆ ಕಾಯಿಲೆಯ ಕಾಲದಲ್ಲಿ ನಾನು ಮೊದಲು ಮನಸಾರೆ ನಕ್ಕದ್ದು ಅವತ್ತು.

ಒಳಗೆ ಒಂದು ಕೊಳವೆ ಕೊಟ್ಟು ಊದಿಸಿದರು. "ಊದಿ, ಊದಿ, ಇನ್ನೂ ಊದಿ, ಬಿಡಬೇಡಿ!" ಎಂದು ಯಂತ್ರದ ಮುಂದಿನ ಹುಡುಗಿ ಕೂಗಿದಳು. ಊದುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ಹಗಲು ಸೀಟಿ, ಬೆಳಗ್ಗೆ ಊದುಗೊಳವೆ. ಆದರೂ ಯಂತ್ರದಲ್ಲಿ ಗೆರೆ ಮೇಲೇಳಲಿಲ್ಲ. ಅವಳು ಮತ್ತೆ ಮತ್ತೆ ಊದಿಸಿದಳು, ನನ್ನ ಕಣ್ಣಲ್ಲಿ ನೀರು ಬಂದಿತು, ಅದು ಅವಮಾನಕ್ಕೋ ಸುಸ್ತಿಗೋ ಗೊತ್ತಾಗಲಿಲ್ಲ.

ಡಾಕ್ಟರಿಗೆ ನನ್ನ ಮಗನಾಗುವಷ್ಟು ವಯಸ್ಸು. ಒಂದೇ ಉಸಿರಿಗೆ ಕೇಳಿದರು.

"ಸೇದೋ ಅಭ್ಯಾಸ ಇದೆಯಾಮ್ಮಾ?"

"ಇಲ್ಲ."

"ಅಡುಗೆ ಯಾವುದ್ರಲ್ಲಿ? ಸೌದೆ ಒಲೆ ಏನಾದ್ರೂ ಇದೆಯಾ?"

"ಯಲಹಂಕದಲ್ಲಿ ಈಗ ಯಾರ ಮನೇಲಿ ಸೌದೆ ಒಲೆ ಇದೆ ಡಾಕ್ಟ್ರೇ? ಗ್ಯಾಸು."

ಅವರು ಬರೆದುಕೊಂಡರು. ಆಸ್ತಮಾ ಇರಬಹುದು ಎಂದು ಒಂದು ಇನ್‌ಹೇಲರ್ ಕೊಟ್ಟು ಕಳಿಸಿದರು. ನಾನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನಮ್ಮ ಮಾತಿನಲ್ಲಿ ಒಲೆ ಎಂದರೆ ಅಡುಗೆಮನೆಯದು. ಬಚ್ಚಲಲ್ಲಿ ಇರುವುದು ಹಂಡೆ. ಹಂಡೆಗೆ ಬೆಂಕಿ ಹಾಕುತ್ತೇವೆ ಎನ್ನುತ್ತೇವೆಯೇ ಹೊರತು ಒಲೆ ಹಚ್ಚುತ್ತೇವೆ ಎನ್ನುವುದಿಲ್ಲ. ತಾಮ್ರದ ಹಂಡೆ ತೂತಾಗಿ, ಅದರ ಜಾಗಕ್ಕೆ ಬಾಯ್ಲರ್ ಬಂದ ಮೇಲೂ ನಮ್ಮ ಬಾಯಲ್ಲಿ ಅದು ಹಂಡೆಯೇ. ಚಿಕ್ಕಜಾಲದ ನನ್ನ ತವರಲ್ಲೂ ಹೀಗೆಯೇ ಅನ್ನುತ್ತಾರೆ.

ಆ ಬಾಯ್ಲರಿನ ವಿಷಯ ಹೇಳಲೇಬೇಕು. ನನ್ನ ಗಂಡ ಬಾಗಲಗುಂಟೆಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡಿದವರು. ಅದನ್ನು ಅಲ್ಲೇ ತಮ್ಮ ಕೈಯಾರೆ ಮಾಡಿದ್ದರು. ನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಅಡಿಯಲ್ಲಿ ಗಾಳಿಯಾಡುವ ಜಾಲರಿ, ಮೇಲೆ ಮಾಳಿಗೆಯನ್ನೂ ದಾಟಿ ಹೋಗುವ ಉದ್ದನೆಯ ಪೈಪು. ಹಳೆಯ ಹಂಡೆ ಒಂದು ಹೊರೆ ಸೌದೆ ತಿನ್ನುತ್ತಿತ್ತು. ಇದಕ್ಕೆ ಎರಡು ತೆಂಗಿನ ಚಿಪ್ಪು, ಒಂದಷ್ಟು ಒಣ ಪುಳ್ಳೆ ಸಾಕು, ಮನೆಮಂದಿಗೆಲ್ಲ ನೀರು ಕಾಯುತ್ತಿತ್ತು. ಬೆಂಕಿ ಗೊರ್ರೆಂದು ಮೇಲಕ್ಕೆ ಎಳೆಯುತ್ತಿತ್ತು, ಕಣ್ಣಿಗೆ ಹೊಗೆ ಕಾಣುತ್ತಿರಲಿಲ್ಲ. ಸಿಟ್ಟಿನಲ್ಲಿ ಸುಳ್ಳು ಹೇಳಬಾರದು, ಅದು ಒಳ್ಳೆಯ ಕೆಲಸವೇ. ಬಂದ ನೆಂಟರಿಗೆಲ್ಲ ಅವರು ಬಚ್ಚಲು ತೋರಿಸದೆ ಕಳಿಸುತ್ತಿರಲಿಲ್ಲ.

ಕೆಟ್ಟದ್ದು ಆಮೇಲೆ. ಮಾಳಿಗೆ ಮೇಲಿನ ಮನೆಗೆ ಸ್ಮಿತಾ ಮತ್ತು ಅವಳ ಗಂಡ ಬಾಡಿಗೆಗೆ ಬಂದರು. ಒಣಗಿಸಿದ ಬಿಳಿ ಶರ್ಟಿನ ಮೇಲೆ ಮಸಿ ಬೀಳುತ್ತದೆ ಎಂದು ಆ ಹುಡುಗ ಕೆಳಗೆ ಬಂದು ಹೇಳಿದ. ನನ್ನ ಗಂಡನಿಗೆ ಮನೆಯವರ ಮಾತು ಕಿವಿಗೆ ಹೋಗಲು ವರ್ಷ ಬೇಕು, ಬಾಡಿಗೆಯವರ ಮಾತಿಗೆ ಒಂದು ಮಧ್ಯಾಹ್ನ ಸಾಕು. ಅವತ್ತೇ ಪೈಪನ್ನು ಮೋಟು ಮಾಡಿ, ಬಚ್ಚಲ ಕಿಟಕಿಯ ಪಕ್ಕ, ಸಜ್ಜಾದ ಕೆಳಗೆ ತಿರುಗಿಸಿಬಿಟ್ಟರು.

ಅಲ್ಲಿಂದ ಬೆಂಕಿಗೆ ಎಳೆತವೇ ಇಲ್ಲ. ಮೇಲೆ ಹೋಗಬೇಕಾದ ಹೊಗೆ ಸೌದೆ ಹಾಕುವ ಬಾಯಲ್ಲೇ ಹೊರಗೆ ಬರುವುದು. ಪೈಪಿನಲ್ಲಿ ಹೋದದ್ದೂ ಕಿಟಕಿಯಿಂದ ತಿರುಗಿ ಒಳಗೇ ಬರುವುದು. ನಾನು ಹೇಳಿದರೆ ಅವರ ಹತ್ತಿರ ಉತ್ತರ ಸಿದ್ಧ: "ಹೊಗೆ ಒಳಗಿದ್ರೆ ಶಾಖಾನೂ ಒಳಗೇ ಉಳಿಯುತ್ತೆ ಕಣೇ. ಸೌದೆ ಇನ್ನೂ ಕಮ್ಮಿ ಸಾಕು." ಅಷ್ಟಕ್ಕೇ ಬಿಡದೆ, ಸುತ್ತಮುತ್ತ ಏಳುತ್ತಿದ್ದ ಅಪಾರ್ಟ್‌ಮೆಂಟುಗಳಲ್ಲಿ ಬಡಗಿಗಳು ಬಿಸಾಡುವ ಪ್ಲೈವುಡ್ ತುಂಡುಗಳನ್ನು ಚೀಲಗಟ್ಟಲೆ ಹೊತ್ತು ತಂದರು. ಪುಕ್ಕಟೆ ಅಲ್ಲವೇ! ಆ ಅಂಟು, ಆ ಮೇಲಿನ ಹೊಳಪು ಹಾಳೆ ಉರಿದರೆ ಗಂಟಲಿಗೆ ಸೂಜಿ ಹಾಕಿದಂತಾಗುತ್ತಿತ್ತು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುತ್ತಿದ್ದವಳು ನಾನೊಬ್ಬಳೇ. ಉಳಿದವರು ನೀರು ಕಾದ ಮೇಲೆ ಟವಲು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು.

ಇನ್‌ಹೇಲರ್‌ನಿಂದ ಅಂಥ ಗುಣವೇನೂ ಕಾಣಲಿಲ್ಲ. ಚಳಿ ಶುರುವಾದ ಮೇಲೆ ಮತ್ತೆ ಹೆಬ್ಬಾಳಕ್ಕೆ ಹೋದೆವು. ಬೆಳಗ್ಗೆ ಹಂಡೆಗೆ ಬೆಂಕಿ ಹಾಕಿ, ಎಲ್ಲರ ಸ್ನಾನ ಮುಗಿಸಿ, ಅದೇ ಸ್ವೆಟರಿನಲ್ಲಿ ಹೊರಟಿದ್ದೆ. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟವರು ಮೂಗು ಅರಳಿಸಿದರು. ನನ್ನ ಗಂಡನ ಕಡೆ ತಿರುಗಿದರು.

"ಯಜಮಾನ್ರೇ, ನೀವು ಸೇದ್ತೀರಾ?"

"ಛೆ, ಮುಟ್ಟಿದವನೇ ಅಲ್ಲ."

"ಹಾಗಾದ್ರೆ ಅಮ್ಮಾ, ನೀವೇ ನಿಜ ಹೇಳಿ. ನಿಮ್ಮ ಬಟ್ಟೆಯೆಲ್ಲ ಹೊಗೆ ವಾಸನೆ ಹೊಡೀತಿದೆ. ನನ್ನ ಹತ್ರ ಮುಚ್ಚಿಟ್ರೆ ನಷ್ಟ ನಿಮಗೇ."

ಅಷ್ಟು ದಿನದ್ದೆಲ್ಲ ಒಟ್ಟಿಗೆ ನೆತ್ತಿಗೇರಿತು. ಕುರ್ಚಿಯಿಂದ ಎದ್ದುಬಿಟ್ಟೆ.

"ಸುಳ್ಳು ಹೇಳೋಳಲ್ಲ ನಾನು! ಬೀಡಿ ವಾಸನೆಗೂ ಹಂಡೆ ಹೊಗೆಗೂ ವ್ಯತ್ಯಾಸ ಗೊತ್ತಾಗಲ್ವಾ ನಿಮಗೆ?"

"ಯಾವ ಹಂಡೆ?"

"ಬಚ್ಚಲಿಂದು. ಸ್ನಾನದ ನೀರು ಕಾಯಿಸೋದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಸೌದೆ ಒಲೆ ಇದೆಯಾ ಅಂತ ಕೇಳಿದ್ನಲ್ಲಮ್ಮಾ ನಾನು?"

"ನೀವು ಒಲೆ ಕೇಳಿದ್ರಿ. ಹಂಡೆ ಕೇಳಿದ್ರಾ?"

ಡಾಕ್ಟರು ಪೆನ್ನು ಮತ್ತೆ ಎತ್ತಿಕೊಂಡರು. ಆಮೇಲೆ ಅವರು ಎಲ್ಲವನ್ನೂ ಮೊದಲಿಂದ ಕೇಳಿದರು. ಎಷ್ಟು ಹೊತ್ತು ಮುಂದೆ ಕೂರುತ್ತೀರಿ, ಏನು ಉರಿಸುತ್ತೀರಿ, ಪೈಪು ಎಲ್ಲಿದೆ, ಬಾಗಿಲು ಹಾಕಿರುತ್ತದೆಯೇ. ಪ್ಲೈವುಡ್ ಎಂದಾಗ ಅವರು ನನ್ನ ಗಂಡನನ್ನು ನೋಡಿದರು. ನನ್ನ ಗಂಡ ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರ ನೋಡುತ್ತಾ ಕೂತರು. ಇನ್ನೊಮ್ಮೆ ಊದಿಸಿ, ಸ್ಕ್ಯಾನ್ ಮಾಡಿಸಿ, ಆ ನಾಲ್ಕು ಅಕ್ಷರಗಳ ಹೆಸರು ಹೇಳಿದರು.

"ಹೋಗಿದ್ದು ವಾಪಸ್ ಬರಲ್ಲಮ್ಮಾ. ಇರೋದನ್ನ ಉಳಿಸ್ಕೋಬಹುದು. ಆದ್ರೆ ಆ ಹೊಗೆ ಪೂರ್ತಿ ನಿಲ್ಲಬೇಕು. ಅರ್ಧಂಬರ್ಧ ಅಲ್ಲ."

ಹೊರಗೆ ಬಂದು ಆಟೋ ಹಿಡಿಯುವವರೆಗೂ ನಾನು ಗಟ್ಟಿಯಾಗಿಯೇ ಇದ್ದೆ. ಆಟೋ ಫ್ಲೈಓವರ್ ಹತ್ತಿದ ಮೇಲೆ ಭಯವಾಯಿತು. ಹೋದದ್ದು ಬರುವುದಿಲ್ಲ ಎಂದರೆ ಏನು? ಇನ್ನು ಮೆಟ್ಟಿಲು ಇಷ್ಟೇನಾ, ನಗು ಇಷ್ಟೇನಾ? ಅತ್ತುಬಿಟ್ಟೆ. ಪಕ್ಕದಲ್ಲಿದ್ದ ನನ್ನ ಗಂಡ ನನ್ನ ಕೈ ಹಿಡಿಯಬಹುದಿತ್ತು. "ನಮಗ್ಯಾರಿಗೂ ಏನೂ ಆಗಿಲ್ವಲ್ಲ, ನಿನಗೊಬ್ಬಳಿಗೆ ಯಾಕಾಯ್ತು?" ಎಂದರು.

ಮನೆಯಲ್ಲಿ ಯುದ್ಧ. ಬಾಯ್ಲರಿಗೆ ಅಂದದ್ದೆಲ್ಲ ನನ್ನ ಗಂಡನಿಗೆ ತಮಗೇ ಅಂದಂತೆ ಕೇಳುತ್ತಿತ್ತು. ಅತ್ತೆಯದು ಬೇರೆ ರಾಗ. "ಕರೆಂಟು ನೀರು ಮೈಗೆ ಹತ್ತಲ್ಲ ಕಣವ್ವ. ಸೌದೆ ನೀರು ಉಯ್ಕಂಡ್ರೆ ಮಂಡಿ ನೋವು ಎಳ್ಕೊಂಡೋಯ್ತದೆ. ನಾವೆಲ್ಲ ಇಂಗೇ ಬದುಕಿಲ್ವಾ?" ಅವರ ಮಂಡಿಗೆ ನನ್ನ ಎದೆ ಮದ್ದು. ನಾನು ಇನ್ನು ಹಂಡೆ ಹತ್ತಿರ ಹೋಗುವುದಿಲ್ಲ ಎಂದೆ. ನನ್ನ ಗಂಡ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ "ನೋಡಣ" ಎಂದರು.

ನೋಡಿದ್ದು ಹೀಗೆ. ಬಾಯ್ಲರನ್ನು ಬಚ್ಚಲಿಂದ ಕಿತ್ತು ಹಿತ್ತಿಲಿನ ಮೂಲೆಗೆ ಹಾಕಿದರು, ಪೈಪನ್ನು ಮತ್ತೆ ಮಾಳಿಗೆ ದಾಟಿಸಿದರು, ಒಣ ಸೌದೆ ತರಿಸಿದರು. ಬೆಂಕಿ ಹಾಕುವುದು ತಮ್ಮ ಕೆಲಸ ಎಂದು ದೊಡ್ಡ ಮನಸ್ಸು ಮಾಡಿದರು. ಅದು ಮತ್ತೆ ಗೊರ್ರೆಂದು ಉರಿಯಿತು. ನನಗೂ ಸ್ವಲ್ಪ ಉಸಿರು ತಿರುಗಿತು. ಆಸ್ಪತ್ರೆಯ ಫಿಸಿಯೋಥೆರಪಿ ಹುಡುಗಿ ಹೇಳಿಕೊಟ್ಟಂತೆ, ಬಿಸಿ ಹಾಲು ಆರಿಸುವವರ ಹಾಗೆ ತುಟಿ ಚೂಪು ಮಾಡಿ ಮೆಲ್ಲಗೆ ಗಾಳಿ ಬಿಡುವುದು ಕಲಿತೆ. ಇಷ್ಟು ಸಣ್ಣ ವಿದ್ಯೆ ಎಷ್ಟು ಸಲ ನನ್ನನ್ನು ಮೆಟ್ಟಿಲ ನಡುವೆ ಕಾಪಾಡಿದೆಯೋ. ಶಮೀಮ್ ಬಾನು ಆಗಾಗ ಫೋನ್ ಮಾಡಿ "ಅಕ್ಕಾ, ಊದಿದ್ರಾ ಇವತ್ತು?" ಎಂದು ವಿಚಾರಿಸುತ್ತಾರೆ. ಅವರ ಮನೆಯಲ್ಲೂ ಬಚ್ಚಲಲ್ಲಿ ಬೆಂಕಿ ಇತ್ತಂತೆ. ನಾನು ಹೇಳಿದ ಮೇಲೆ ಅವರೂ ಡಾಕ್ಟರಿಗೆ ಹೇಳಿದರಂತೆ.

ಡಿಪೋದವರು ನನ್ನನ್ನು ಬಸ್ಸಿನಿಂದ ಇಳಿಸಿ ನಿಲ್ದಾಣದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಎಲ್ಲರೂ ಪುಣ್ಯ ಎಂದರು. ಓಡುವ ಬಸ್ಸಿನಲ್ಲಿ ನಿಂತು ಬದುಕಿದವಳಿಗೆ ಅದು ಪುಣ್ಯವಲ್ಲ. ಮುನಿರಾಜುವಿನ ಬಸ್ಸು ಹೊರಟಾಗಲೆಲ್ಲ ಈಗಲೂ ಹೊಟ್ಟೆ ಉರಿಯುತ್ತದೆ.

ಒಣ ಸೌದೆ ಬೇಗ ಮುಗಿಯಿತು. ನಾನು ಡ್ಯೂಟಿಗೆ ಹೋದ ಮೇಲೆ ಪ್ಲೈವುಡ್ ಚೀಲಗಳು ಕಳ್ಳ ಬೆಕ್ಕಿನಂತೆ ಹಿತ್ತಿಲು ಸೇರಿದವು. ನನಗೆ ಅದು ಗೊತ್ತಾದದ್ದು ಸ್ಮಿತಾಳಿಂದ. ಅಷ್ಟರಲ್ಲಿ ಅವಳಿಗೆ ಮಗುವಾಗಿತ್ತು. ಒಂದು ಭಾನುವಾರ ಕಂಕುಳಲ್ಲಿ ಮಗು, ಕೈಯಲ್ಲಿ ಮಗುವಿನ ಒಂದು ಬಿಳಿ ಬಟ್ಟೆ ಹಿಡಿದು ಕೆಳಗೆ ಬಂದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ನಿಮ್ಗೂ ಹುಷಾರಿಲ್ಲ, ಗೊತ್ತು. ಆದ್ರೆ ನೋಡಿ, ಇದನ್ನ ಪಾಪುಗೆ ಹೇಗೆ ಹೊದಿಸ್ಲಿ?"

ಬಟ್ಟೆಯ ತುಂಬ ಕಪ್ಪು ಚುಕ್ಕೆ. ಬೆರಳಿಂದ ಒರೆಸಿದರೆ ಎಣ್ಣೆಯ ಹಾಗೆ ಹರಡಿತು. ಒಣ ಸೌದೆಯ ಮಸಿ ಹೀಗೆ ಅಂಟುವುದಿಲ್ಲ, ಇದು ಪ್ಲೈವುಡ್ಡಿನದು. ಅವಳ ಮೇಲೆ ಹರಿಹಾಯಲು ನಾನು ಬಾಯಿ ತೆರೆದಿದ್ದೆ. ನಿಮ್ಮ ಶರ್ಟಿನಿಂದಲೇ ನನಗೆ ಈ ಗತಿ ಎನ್ನುವುದು ನಾಲಿಗೆ ತುದಿಯಲ್ಲಿತ್ತು. ಆದರೆ ಮಗು ಕೆಮ್ಮಿತು. ಪಕ್ಕದಿಂದ ನನ್ನ ಗಂಡ ಆಗಲೇ ಎದ್ದು ನಿಂತಿದ್ದರು.

"ಅಯ್ಯೋ, ಯೋಚನೆ ಮಾಡ್ಬೇಡಮ್ಮ. ಇವತ್ತೇ ಪೈಪನ್ನ ಒಂದೆರಡು ಅಡಿ ಕೆಳಗಿಳಿಸ್ತೀನಿ."

ನಾನು ಅಲ್ಲೇ ಕೂತಿದ್ದೆ, ಕೈಯಲ್ಲಿ ಇನ್‌ಹೇಲರ್ ಹಿಡಿದು. ಅವರಿಗೆ ನಾನು ಕಾಣಿಸಲೇ ಇಲ್ಲ.

"ರೀ, ಪೈಪು ಮೇಲೆ ಹೋದ್ರೆ ಆ ಕೂಸಿನ ಎದೆಗೆ, ಕೆಳಗೆ ಬಂದ್ರೆ ನನ್ನ ಎದೆಗೆ. ಬೆಂಕಿ ನಿಮ್ದು, ಸೌದೆ ನಿಮ್ದು. ನಿಮ್ಮ ಮೂಗಿನ ಹತ್ರ ಆ ಪೈಪು ಒಂದ್ಸಲಾನೂ ಯಾಕೆ ಬರಲ್ಲ?"

ಎದ್ದೆ. ಹಿತ್ತಿಲಿಗೆ ಹೋದೆ. ಉರಿಯುತ್ತಿದ್ದ ಬಾಯ್ಲರಿನ ಬಾಯಿಗೆ ಒಂದು ಬಕೆಟ್ ನೀರು ಹೊಯ್ದೆ. ಬುಸ್ಸೆಂದು ಬೂದಿ ಎದ್ದಿತು. ಆ ಒಂದು ಉಸಿರಿಗೆ ಸಂಜೆಯವರೆಗೂ ಕೆಮ್ಮಿದೆ, ಆದರೂ ಮನಸ್ಸು ತಣ್ಣಗಿತ್ತು. ಮರುದಿನ ಪ್ಲಂಬರನ್ನು ಕರೆಸಿ ಗೀಸರ್ ಹಾಕಿಸಿದೆ. ಬಾಯ್ಲರನ್ನು ಗುಜರಿಯವನು ಹೊತ್ತೊಯ್ಯುವಾಗ ನನ್ನ ಗಂಡ ಹೊರಗೆ ಬರಲಿಲ್ಲ. ಅವರಿಗೆ ನೋವಾಗಿತ್ತು, ನನಗೆ ಗೊತ್ತು. ಸಮಾಧಾನ ಹೇಳಲು ನಾನೂ ಹೋಗಲಿಲ್ಲ.

ಅತ್ತೆ ಸ್ನಾನ ಬಿಟ್ಟರು. ಗೀಸರ್ ನೀರಿಗೆ ಕೈಯನ್ನೂ ಅದ್ದಲಾರೆ ಎಂದು ಹಠ. ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಂಡು, ಬಂದವರಿಗೆಲ್ಲ "ನಮ್ಮನೇಲಿ ಈಗ ಸೊಸೆ ರಾಜ್ಯ" ಎಂದು ಸಾರುತ್ತಿದ್ದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನಾನೂ ಕೇಳಿಸುವಂತೆ ಅಂದುಕೊಳ್ಳುತ್ತಿದ್ದೆ. ನನ್ನ ಗಂಡ ಇಬ್ಬರ ನಡುವೆ ಪೇಪರ್ ಅಡ್ಡ ಹಿಡಿದು ಕೂರುತ್ತಿದ್ದರು.

ಒಂದು ಬೆಳಗ್ಗೆ ನಾನು ಡ್ಯೂಟಿಗೆ ಹೊರಡಲು ಚಪ್ಪಲಿ ಹಾಕುತ್ತಿದ್ದೆ. ಅತ್ತೆ ಜಗಲಿಯಲ್ಲಿ ಕೂತಿದ್ದವರು, ಬೀದಿಗೆಲ್ಲ ಕೇಳಲಿ ಎಂದು ದನಿಯೆತ್ತಿ ಕೇಳಿದರು.

"ಏ ಜಯಮ್ಮ, ನಾನ್ ಸತ್ತಾಗಾದ್ರೂವೆ ನನ್ನ ಎಣಕ್ಕೆ ಸೌದೆ ನೀರು ಉಯ್ಯಿಸ್ತೀಯೋ, ಅದಕ್ಕೂ ಕರೆಂಟು ನೀರೇನೋ?"

"ಸೌದೆ ನೀರೇ ಉಯ್ಯಿಸ್ತೀನಿ ಅತ್ತೆ. ಆದ್ರೆ ಅವತ್ತು ಬೆಂಕಿ ಮುಂದೆ ಕೂತು ಊದೋದು ನಿಮ್ಮ ಮಗ."

"ಅವನ್ಯಾಕೆ ಕೂತ್ಕಂತಾನೆ?" ಅತ್ತೆ ಥಟ್ಟನೆ ಅಂದರು. "ಒಗೆ ಕುಡ್ದು ಎದೆ ಕೆಡಿಸ್ಕಳಕ್ಕಾ?"

ಹೇಳಿದ ಮೇಲೆ ಅವರಿಗೇ ಆ ಮಾತು ಕೇಳಿಸಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಾನು ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿದೆ. ನನ್ನ ಗಂಡ ಪೇಪರ್ ಮಡಿಸಿಟ್ಟು, ಎದ್ದು ಒಳಗೆ ಹೋಗಿ, ತಾಯಿಗೆಂದು ಗೀಸರಿನ ಸ್ವಿಚ್ ಹಾಕಿದರು.